ಅಣ್ಣನ ಕಟ್ಟು, ತಮ್ಮನ ಬೆರಳು

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಅವನದು ದೊಡ್ಡ ಮನೆ, ಎದುರಿಗೇ ತಮ್ಮನ ಚಿಕ್ಕ ಮನೆ. ಅಣ್ಣನಿಗೆ ಯಾವುದಕ್ಕೂ ಕೊರತೆ ಇಲ್ಲ. ಆದ್ರೆ ನೋಡಿ, ತಮ್ಮ ಸ್ವಲ್ಪ ಜೋರಾಗಿ ನಕ್ಕರೂ ಇವನಿಗೆ ಹೊಟ್ಟೆಯುರಿ. ‘ಇಷ್ಟು ನಗೋಕೆ ಇವನಿಗೆ ಏನು ಸಿಕ್ತು?’ ಅಂತ. ನಗ್ತಿದ್ದೀರಾ? ನಗಿ, ನಗಿ. ಆಮೇಲೆ ನಿಮ್ಮ ಹತ್ರಾನೇ ಬರ್ತೀನಿ.

ಅಣ್ಣನ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯ್ತು. ಮನೆಗೆ ಹೊಸ ಬೀರು ಬಂತು, ಮಹಡಿಗೆ ಹತ್ತಿಸಬೇಕು. ಆಳುಗಳ ಜತೆ ತಮ್ಮನೂ ಬಂದು ಕೈ ಹಾಕಿದ. “ಅಬ್ಬಾ, ಚಿಕ್ಕಪ್ಪಂಗೆ ಎಷ್ಟು ಶಕ್ತಿ!” ಅಂದ್ಳು ಮಗಳು. ಅಷ್ಟು ಸಾಕಾಯ್ತು. ಜೀವಮಾನದಲ್ಲಿ ಒಂದು ಕುರ್ಚಿ ಎತ್ತದ ಅಣ್ಣ, ಪಂಚೆ ಮೇಲೆ ಕಟ್ಟಿ ತಾನೂ ಹೋಗಿ ಹಿಡಿದ. ಬೀರು ಜಾರಿತು. ಗೋಡೆಗೂ ಬೀರುವಿಗೂ ನಡುವೆ ಅಣ್ಣತಮ್ಮಂದಿರಿಬ್ಬರ ಬಲಗೈ ಕಿರುಬೆರಳುಗಳೂ ಸಿಕ್ಕಿಹಾಕಿಕೊಂಡ್ವು.

ಡಾಕ್ಟರು ನೋಡಿದ್ರು. “ಇಬ್ಬರಿಗೂ ಸಣ್ಣ ಬಿರುಕು, ಅಷ್ಟೇ. ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತುತ್ತೀನಿ. ನೋವು ತಡೆಯೋಷ್ಟು ಮಡಚೋದು, ಬಿಡಿಸೋದು ಮಾಡ್ತಾ ಇರಿ.”

ತಮ್ಮ ಸುತ್ತಿಸಿಕೊಂಡು ಮನೆಗೆ ಹೋದ. ಅಣ್ಣ ಹೋಗ್ಲಿಲ್ಲ. ಯಾಕೆ? ‘ಅವನಿಗೂ ಒಂದು ತುಂಡು ಪಟ್ಟಿ, ನನಗೂ ಒಂದು ತುಂಡು ಪಟ್ಟೀನಾ? ಅವನೂ ನಾನೂ ಒಂದೇನಾ?’ ಬೇರೆ ಆಸ್ಪತ್ರೆಗೆ ಹೋದ, ಹಟ ಹಿಡಿದು ಬೆರಳ ತುದಿಯಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಇಡೀ ಊರು ನೋಡೋಕೆ ಬಂತು, ಮೂಸಂಬಿ ತಂತು, ಅಯ್ಯೋ ಪಾಪ ಅಂತು. ಇವನು ಕೈಯನ್ನ ದಿಂಬಿನ ಮೇಲಿಟ್ಟುಕೊಂಡು ಕೂತ. ಎದುರು ಮನೆಗೆ ಒಬ್ಬರೂ ಹೋಗ್ಲಿಲ್ಲ. ಅಣ್ಣನಿಗೆ ಬಲು ಸಂತೋಷ!

ಆದ್ರೆ ಕಿಟಕಿ ಇದೆಯಲ್ಲ? ಕಿಟಕೀಲಿ ತಮ್ಮನ ಜಗಲಿ ಕಾಣುತ್ತೆ. ಮೊದಮೊದಲು ತಮ್ಮ ಮುಖ ಕಿವುಚಿಕೊಂಡು ಬೆರಳು ಮಡಚ್ತಿದ್ದ. ಆಮೇಲೆ ಕಡಲೆಕಾಯಿ ಸುಲಿಯೋಕೆ ಶುರು ಮಾಡಿದ. ಆಮೇಲೆ ಬಾವಿಯಿಂದ ನೀರು ಸೇದಿದ. ಅಣ್ಣನಿಗೆ ಊಟ ಸೇರಲ್ಲ, ನಿದ್ದೆ ಬರಲ್ಲ. ತನ್ನ ಬೆರಳು ಹೇಗಿದೆ ಅನ್ನೋ ಯೋಚನೆ ಇಲ್ಲ. ಅವನ ಬೆರಳು ಯಾಕೆ ಮಡಚುತ್ತೆ? ಅದೇ ಸಂಕಟ!

“ಪ್ಲಾಸ್ಟರ್ ಬಿಚ್ಚಿಸೋ ದಿನ ಆಗ್ಹೋಯ್ತು ರೀ, ಹೋಗಿ ಬನ್ನಿ” ಅಂದ್ಳು ಹೆಂಡತಿ.

“ಬಿಚ್ಚಿಸಿದ್ರೆ ಎಲ್ಲರೂ ಅವನ ಕೈ ಪಕ್ಕ ನನ್ನ ಕೈ ಇಟ್ಟು ನೋಡ್ತಾರೆ ಕಣೇ. ಸುಮ್ನಿರು.”

ಹೀಗೆ ದಿನ ತಳ್ಳಿದ. ಮದುವೆ ಹತ್ತಿರ ಬಂದಾಗ ಬಿಚ್ಚಿಸಿದ್ರೆ, ಮೂಳೆ ಕೂಡಿದೆ, ಆದ್ರೆ ಒಂದು ಬೆರಳೂ ಮಡಚಲ್ಲ. ಕೈ ಸೌದೆಯಾಗಿತ್ತು. ಅವರ ಮನೆ ಪದ್ಧತೀಲಿ ಅಪ್ಪಾನೇ ಚೊಂಬು ಹಿಡಿದು ಧಾರೆ ಎರೀಬೇಕು. ಎಡಗೈಯಲ್ಲಿ ಎರೆಯೋ ಹಾಗಿಲ್ಲ.

ತಮ್ಮ ಬಂದು ಮೆಲ್ಲಗೆ ಹೇಳಿದ: “ಅಣ್ಣಾ, ಚೊಂಬಿನ ಕೆಳಗೆ ನಾನೊಂದು ಕೈ ಕೊಡ್ತೀನಿ. ಶಲ್ಯ ಮುಚ್ಚಿದ್ರೆ ಯಾರಿಗೂ ಗೊತ್ತಾಗಲ್ಲ.”

“ನನ್ನ ಮಗಳ ಧಾರೆಗೆ ನಿನ್ನ ಕೈ ತಾಗಕೂಡದು” ಅಂದ ಅಣ್ಣ.

ಮುಹೂರ್ತ ಬಂತು. ಮಂಟಪದಲ್ಲಿ ಚೊಂಬು ಎತ್ತಿದ. ಚೊಂಬು ಜಾರಿತು, ನೀರು ಮಗಳ ಸೀರೆ ಮೇಲೆ ಚೆಲ್ಲಿತು. ವಾಲಗ ನಿಂತುಹೋಯ್ತು. ಮಗಳು ಕಣ್ತುಂಬ ನೀರು ತುಂಬಿಕೊಂಡು ಕೂಗಿದ್ಳು: “ಚಿಕ್ಕಪ್ಪಾ, ಬನ್ನಿ!” ಊಟದ ಮನೇಲಿ ಎಲೆ ಹಾಕ್ತಿದ್ದ ತಮ್ಮ ಓಡಿ ಬಂದ. ಮತ್ತೆ ನೀರು ತುಂಬಿಸಿ, ಅಣ್ಣನ ಕೈ ಕೆಳಗೆ ಕೈ ಇಟ್ಟ. ಧಾರೆ ಆಯ್ತು. ಅಕ್ಷತೆ ಬಿತ್ತು.

ಈಗ ಹೇಳಿ, ಆ ಘಳಿಗೇಲಿ ಅಪ್ಪ ಎಲ್ಲಿ ನೋಡ್ತಿದ್ದ? ಮಗಳ ಮುಖಾನಾ? ಅಲ್ಲ! ತಮ್ಮನ ಕಿರುಬೆರಳು ಚೊಂಬನ್ನ ಎಷ್ಟು ಚೆನ್ನಾಗಿ ಬಳಸಿ ಹಿಡಿದಿದೆ ಅಂತ ನೋಡ್ತಿದ್ದ. ಮಗಳು ಆ ಮನೆ ಹುಡುಗಿಯಾಗಿ ಕೊನೇ ಸಲ ಅಪ್ಪನ ಮುಖ ನೋಡಿದ್ಳು, ಅಪ್ಪ ನೋಡ್ಲಿಲ್ಲ. ಆಮೇಲೆ ಆಡಿಸಿ ಆಡಿಸಿ, ಅತ್ತು ಕರೆದು, ಬೆರಳೇನೋ ಸರಿಹೋಯ್ತು. ಆ ಘಳಿಗೆ ಮತ್ತೆ ಬಂತೇ? ಎಲ್ಲಿಂದ ಬರುತ್ತೆ?

ನೋಡಿ, ಕಟ್ಟು ಬೇಡ ಅಂತ ನಾನು ಹೇಳ್ತಿಲ್ಲ. ಡಾಕ್ಟರು ಅಲ್ಲಾಡಿಸಬೇಡ ಅಂದ್ರೆ ಅಲ್ಲಾಡಿಸಬೇಡಿ, ಆಡಿಸು ಅಂದ್ರೆ ನೋವಿಗೆ ಹೆದರಿ ಕೂರಬೇಡಿ. ಬೆರಳಿನ ಮಾತು ಅಲ್ಲಿಗೆ ಮುಗೀತು. ನಿಮ್ಮ ನಾಲಿಗೆ ಮಾತು ಹೇಳಿ. ಓರಗಿತ್ತಿ ಹೊಸ ಸೀರೆ ಉಟ್ಟು ಬಂದಾಗ ‘ಚೆನ್ನಾಗಿದೆ’ ಅನ್ನೋಕೆ ನಿಮ್ಮ ನಾಲಿಗೆ ಮಡಚುತ್ತಾ ತಾಯಿ? ಪಕ್ಕದ ಅಂಗಡಿಯವನಿಗೆ ಗಿರಾಕಿ ಜಾಸ್ತಿ ಬಂದ್ರೆ ‘ಸಂತೋಷ ಕಣಯ್ಯ’ ಅಂತೀರಾ ಸ್ವಾಮಿ? ಎಷ್ಟು ವರ್ಷದಿಂದ ಕಟ್ಟು ಹಾಕಿಟ್ಟಿದ್ದೀರಿ ಅದಕ್ಕೆ?

ಇವತ್ತು ಬಿಚ್ಚಿ. ದಿನಕ್ಕೊಬ್ಬರಿಗೆ ಒಂದು ಒಳ್ಳೇ ಮಾತು, ಬಾಯಿಬಿಟ್ಟು, ಅವರ ಎದುರಿಗೇ. ಮೊದಲು ನೋಯುತ್ತೆ, ನಾಳೆ ಕಡಿಮೆ ನೋಯುತ್ತೆ. ಯಾರನ್ನ ಕಂಡ್ರೆ ನಿಮಗೆ ಉರಿಯುತ್ತೋ, ಅವರಿಂದಲೇ ಶುರುಮಾಡಿ. ಕೆಲವರು ಇಲ್ಲೇ, ನಿಮ್ಮ ಸಾಲಿನಲ್ಲೇ ಕೂತಿದ್ದಾರೆ, ನನಗೆ ಗೊತ್ತು. ತಿರುಗಿ, ಹೇಳಿ. ಹೇಳೋವರೆಗೂ ನಾನು ಮುಂದಿನ ಮಾತು ಆಡಲ್ಲ.