ಗಡಿ ದಾಟಿದ್ದು ಡ್ರಮ್ಮು, ದೋಣಿಯಲ್ಲ

ವಯಸ್ಸು 52, ಜಲಾಶಯದ ಗೇಟು ವಿಭಾಗದಲ್ಲಿ ಮೆಕ್ಯಾನಿಕಲ್ ಫೋರ್‌ಮನ್, ವಾಸ ಅಣೆಕಟ್ಟೆಯ ಕೆಳಗಿನ ನೌಕರರ ವಸತಿಗೃಹ, ಕೊನೆಯ ಸಾಲು. ಗೇಟು ಮೇಸ್ತ್ರಿ ಎಂದೇ ಎಲ್ಲರೂ ಕರೆಯುವ ನಾನು ಠಾಣಾಧಿಕಾರಿಗಳ ಮುಂದೆ ಹೇಳಿ ಬರೆಸುವುದೇನೆಂದರೆ:

ಜಲಾಶಯದಲ್ಲಿ ಕಟ್ಟೆಗೆ ಹತ್ತಿರದ ಭಾಗದ ಮೀನು ಗುತ್ತಿಗೆದಾರರದು. ಅದರಾಚೆ ಯಾರು ಬೇಕಾದರೂ ಬಲೆ ಬಿಡಬಹುದು. ಗಡಿಯೆಂದರೆ ಎರಡು ದಡದ ಕಲ್ಲುಕಂಬಗಳ ನಡುವಿನ ನೇರ ಗೆರೆ. ಅದನ್ನು ತೋರಿಸಲು ಕೆಂಪು ಡ್ರಮ್ಮುಗಳನ್ನು ತೇಲಬಿಟ್ಟು, ಸರಪಳಿಯಿಂದ ತಳದ ಕಾಂಕ್ರೀಟ್ ದಿಮ್ಮಿಗಳಿಗೆ ಕಟ್ಟಿಸಿದವನು ನಾನೇ.

ಇಂದು ಬೆಳಿಗ್ಗೆ 6.20ಕ್ಕೆ ನಾನು ಎಡದಂಡೆಯ ಕಂಬದ ಬಳಿ ನೀರಿನ ಮಟ್ಟ ನೋಡುತ್ತಿದ್ದೆನು. ನನ್ನ ಅಕ್ಕ, ವಯಸ್ಸು 58, ಗೆರೆಯಿಂದ ಸುಮಾರು ಹತ್ತು ಮೀಟರ್ ಆಚೆ, ಎಲ್ಲರಿಗೂ ಸೇರಿದ ಭಾಗದಲ್ಲಿ, ಬಲೆ ಎಳೆಯುತ್ತಿದ್ದರು. ಗುತ್ತಿಗೆದಾರರ ಕಾವಲುಗಾರ ಮೋಟಾರು ದೋಣಿಯಲ್ಲಿ ಬಂದು, ಡ್ರಮ್ಮು ಕಣ್ಣಿಗೆ ಬೀಳಲ್ವೇನಮ್ಮಾ ಎಂದು ಕೂಗಿದನು. ನಾನು ಬಲೆ ಬಿಟ್ಟಾಗ ಅದು ಅಲ್ಲಿತ್ತು ಕಣಪ್ಪ, ಅದೇ ಈಜ್ಕೊಂಡು ಬಂದಿದೆ, ಮೊದಲು ಅದನ್ನ ಹಿಡ್ಕೊಂಡು ಹೋಗು ಎಂದು ಅಕ್ಕ ಹೇಳಿದರು. ಈ ಮೀನೆಲ್ಲ ನಮ್ಮ ಸಾಹುಕಾರ್ರು ಮರಿ ತಂದು ಬಿಟ್ಟಿದ್ದು ಎಂದು ಕಾವಲುಗಾರ ಹೇಳಿದನು. ಬಿಟ್ಟ ಮೇಲೆ ಬಿಟ್ಟ ಹಾಗೆ, ಇನ್ನೂ ಬಾಲ ಹಿಡ್ಕೊಂಡು ಕೂತಿದಾರಾ ಎಂದು ಅಕ್ಕ ಕೇಳಿದರು. ಆತ ಅಕ್ಕನ ದೋಣಿಗೆ ಹಗ್ಗ ಬಿಗಿದು ದಡಕ್ಕೆಳೆದು, ಟ್ರಾಕ್ಟರಿನಲ್ಲಿ ಠಾಣೆಗೆ ತಂದನು. ಟ್ರಾಕ್ಟರಿಗೆ ಏರಿಸುವಾಗ ದೋಣಿಯ ಎಡಬದಿಯ ಹಲಗೆ ಸೀಳಿದೆ. ಆ ಹಲಗೆಯನ್ನು ಭಾವನವರೇ, ತಾವು ತೀರಿಹೋದ ವರ್ಷ, ಕೂರಿಸಿದ್ದರು.

ಅಕ್ಕ ಹೇಳಿದ್ದು ತಮಾಷೆಯಲ್ಲ. ಜಲಾಶಯ ತುಂಬಿದಾಗ ಡ್ರಮ್ಮಿನ ಕೆಳಗೆ ಆಳ 20 ಮೀಟರ್, ಸರಪಳಿ 22. ಈಗ ಆಳ 9. ಸರಪಳಿ ಸಡಿಲವಾಗಿ, ಗಾಳಿ ಬೀಸಿದತ್ತ ಡ್ರಮ್ಮು 20 ಮೀಟರ್‌ವರೆಗೆ ಸರಿಯುತ್ತದೆ. ಇಂದು ಬೆಳಿಗ್ಗೆ ಅದು ಗೆರೆ ಬಿಟ್ಟು ಅಕ್ಕನ ದೋಣಿಯನ್ನೂ ದಾಟಿ ಆಚೆ ಹೋಗಿತ್ತು. ಕಂಬಗಳು ಸರಿಯುವುದಿಲ್ಲ.

ಅಕ್ಕ ಡ್ರಮ್ಮು ದಾಟಿ ಒಳಹೋದರೆಂದು ಬರೆದ ಕಾಗದವನ್ನು ಠಾಣಾಧಿಕಾರಿಗಳು ನನ್ನ ಮುಂದಿಟ್ಟು, ನೀವೂ ಸರ್ಕಾರಿ ನೌಕರರು, ಸುಮ್ನೆ ಒಂದು ಸಹಿ ಹಾಕಿ ಸಾರ್, ಅಕ್ಕಂಗೆ ಏನೂ ಆಗಲ್ಲ, ದೋಣಿ ಮಾತ್ರ ಇಲ್ಲಿರಲಿ ಎಂದರು. ದೋಣಿ ಹೋದರೆ ಅಕ್ಕನಿಗೆ ಬೇರೆ ಜೀವನವಿಲ್ಲ. ಆ ಕಾಗದಕ್ಕೆ ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಇಳೀರಿ ಎಂದು ಪೇದೆಯವರು ಹಲವು ಸಲ ಹೇಳಿದ್ದಾರೆ. ಮರದ ದೋಣಿ ಬಿಸಿಲಿಗೆ ಒಣಗಿದರೆ ಬಿರಿಯುತ್ತದೆಂದು ತಿಳಿಸಿ, ಠಾಣೆಯ ನಲ್ಲಿಯಿಂದಲೇ ನೀರು ತರಿಸಿ ಹಲಗೆ ನೆನೆಸುತ್ತಿದ್ದೇನೆ. ಇದು ಕರ್ತವ್ಯಕ್ಕೆ ಅಡ್ಡಿಯಾದರೆ ಹಾಗೆಂದೇ ಬರೆದುಕೊಳ್ಳಲಿ.

ಮೇಲಿನದರಲ್ಲಿ ನಾನು ನೋಡದ, ಕೇಳದ, ಅಳೆಯದ ಮಾತು ಒಂದೂ ಇಲ್ಲ. ಓದಿಸಿ ಕೇಳಿ, ಒಪ್ಪಿ ಈ ಹೇಳಿಕೆಗೆ ಮಾತ್ರ ಸಹಿ ಮಾಡಿದ್ದೇನೆ.

ದಿನಾಂಕ: 11ನೇ ಮೇ, ಮಧ್ಯಾಹ್ನ 12.40
ಸ್ಥಳ: ಠಾಣೆಯ ಅಂಗಳ, ಅಕ್ಕನ ದೋಣಿಯೊಳಗೆ
ಸಹಿ