ಕೆಳಗಿನ ಬ್ಯಾಂಡು

ಕಿವಿ ಡಾಕ್ಟರ ಕೋಣೆಯ ಹೊರಗೆ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಕಿವಿ ಪರೀಕ್ಷೆ ಮುಗಿಸಿ ಬಂದ ಹಿರಿಯರೊಬ್ಬರು ಹೆಂಡತಿಯ ಪಕ್ಕ ಕೂತರು.

“ಏನಂದ್ರು?” ಆಕೆ ಕೂಗಿದರು. ಕೂತವರೆಲ್ಲ ತಿರುಗಿ ನೋಡಿದೆವು.

“ತೆಳು ದನಿ ಕಿವಿಗೆ ಹತ್ತಲ್ವಂತೆ. ದಪ್ಪ ದನಿ ಎಷ್ಟು ಮೆಲ್ಲಗಿದ್ರೂ ಕೇಳುತ್ತಂತೆ.”

“ಅದಕ್ಕೇ ನಿಮ್ಮ ಹ್ಯಾಮ್ ರೇಡಿಯೋ ಕೇಳ್ಸುತ್ತೆ. ನಾನು ಗಂಟಲು ಹರ್ಕೊಂಡ್ರೂ ಅರ್ಧ ಕೇಳ್ಸಲ್ಲ.”

“ಅದು ಐದೇ ವ್ಯಾಟ್ ಕಣೇ. ಜೀರೋ ಬಲ್ಬಿಗೂ ಅದಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲೇ ಸಮುದ್ರದಾಚೆಯವರ ಹತ್ರ ಮಾತಾಡ್ತೀವಿ.”

“ಅವರಿಗೆ ಕೇಳದಿದ್ರೆ? ಪವರ್ ಏರಿಸ್ತೀರಾ?”

“ಉಹೂಂ, ನಮ್ಮಲ್ಲಿ ಅದು ಮರ್ಯಾದೆ ಅಲ್ಲ. ಬ್ಯಾಂಡ್ ಬದಲಾಯಿಸ್ತೀವಿ. ಸಂಜೆಯಾಗ್ತಾ ಮೇಲಿನ ಬ್ಯಾಂಡು ಮುಚ್ಚಿಹೋಗುತ್ತೆ. ಆಗ ಕೆಳಗಿನದಕ್ಕೆ, ಅಂದ್ರೆ ನಿಧಾನವಾಗಿ ಕಂಪಿಸೋ ಅಲೆಗೆ, ಇಳೀತೀವಿ.”



“ಹಾಗಾದ್ರೆ ಇಷ್ಟು ದಿನ ನಾನು ಕೂಗಿದ್ದೆಲ್ಲ ದಂಡ ಅನ್ನಿ.”

“ಏನಂದೆ?”

ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ನಿಂತು ತೆಳು ದನಿಯಲ್ಲಿ ಹಿರಿಯರ ಹೆಸರನ್ನು ಎರಡು ಸಲ ಕರೆದಳು. ಅವರು ಅಲ್ಲಾಡಲಿಲ್ಲ. ಆಕೆ ಈ ಸಲ ಕೂಗಲಿಲ್ಲ. ಎದೆಯಾಳದಿಂದ ದಪ್ಪ ದನಿ ತೆಗೆದು ಮೆಲ್ಲಗೆ ಅಂದರು:

“ಏಳಿ, ಡಾಕ್ಟರು ಕರೀತಿದ್ದಾರೆ.”

ಅವರು ಹೆಂಡತಿಯ ಮುಖ ನೋಡಿದರು.

“ನೀನು ಇಷ್ಟು ಮೆಲ್ಲಗೆ ಮಾತಾಡಿ ಎಷ್ಟು ವರ್ಷ ಆಯ್ತೇ,” ಎನ್ನುತ್ತ ಎದ್ದು ಆಕೆಯ ಹಿಂದೆ ಒಳಗೆ ಹೋದರು.