ಕುಟ್ಟಬಾರದ ಗುಳಿಗೆ

ಶಹಾಪುರದ ದವಾಖಾನೆಯಲ್ಲಿ ಔಷಧಿಗಾಗಿ ಕಾಯುತ್ತಿದ್ದ ಸುಂದ್ರಮ್ಮನ ಪಕ್ಕದ ಬೆಂಚಿಗೆ ಗಂಡ-ಹೆಂಡತಿ ಇಬ್ಬರು ಬಂದು ಕುಳಿತರು. ಗಂಡನ ಮೈಮೇಲೆ ಕಾಲುವೆ ಗೇಟು ಕಾಯುವವರ ಖಾಕಿ ಅಂಗಿಯಿತ್ತು.

"ಡಾಕ್ಟರ್ ಹೇಳಿದ್ದು ಕೇಳಿದಿಲ್ಲೇನ ಕರೆಮ್ಮ? ನಿದ್ದಿ ಜಡ್ಡಿನ ಗುಳಿಗಿ ಇಡೀದೇ ನುಂಗಬೇಕಂತ."

"ನಿಮಗ ಗಂಟಲ್ದಾಗ ಸಿಗ್ತದಂತ ಬೆಲ್ಲದ ಜೋಡಿ ಕುಟ್ಟಿ ಕೊಟ್ಟೆ. ತಪ್ಪಾತ್ರಿ?"

"ದಿನಾಪೂರ್ತಿ ಸಾವಕಾಶ ಕರಗೋ ಗುಳಿಗಿ ಅದು. ಕುಟ್ಟಿದ್ರ ಒಮ್ಮೆಲೇ ರಕ್ತಕ್ಕ ಇಳಿದು, ಬಿ.ಪಿ. ಗುಳಿಗಿ ಜೋಡಿ ಜಗಳಕ್ಕ ನಿಂದರ್ತದಂತ."

"ಅದಕ್ಕೇ ಮುಂಜಾನಿ ನಿಮ್ಮ ಎದಿ ಹಾರ್ತಿತ್ತು."

"ಸಂಜಿಗಿ ಅದರ ಕಸುವು ಮುಗೀತಿತ್ತು. ಈ ಜಡ್ಡಿನ ಗುಣಾನೇ ಹಂಗ, ನಕ್ಕಕೂಡ್ಲೇ ಮೊಣಕಾಲು ಸಡಿಲಾಗಿ ಬೀಳ್ತಿದ್ದೆ."

"ನನಗೇನ್ ಗೊತ್ರಿ? ಮನ್ಯಾಗ ಯಾರೂ ನಗಬ್ಯಾಡ್ರಿ ಅಂತ ತಾಕೀದು ಮಾಡಿಬಿಟ್ಟೆ."

"ಎಂಥಾ ತಾಕೀದು! ಮನಿ ಸತ್ತವರ ಮನಿ ಆಗ್ಯಾದ."

"ನೀವು ಒಲಿ ಮುಂದ ಬಿದ್ದದ್ದು ನೋಡೀನಿ. ಜೀವಕ್ಕಿಂತ ನಗಿ ದೊಡ್ಡದೇನ್ರಿ?"

"ನಿನ್ನ ನಗಿ ಕೇಳಿಯೇ ಲಗ್ನಕ್ಕ ಒಪ್ಪಿದಾಂವ ನಾನು."

"ಸುಮ್ನಿರ್ರಿ, ಮಂದಿ ಕೇಳಾಕತ್ಯಾರ."

ಸುಂದ್ರಮ್ಮ ಮೆಲ್ಲಗೆ ಮುಖವನ್ನು ಕಿಟಕಿಯತ್ತ ತಿರುಗಿಸಿದಳು.

"ಆತು, ಇಡೀದೇ ನುಂಗ್ತೀನಿ. ಗಂಟಲ್ದಾಗ ಸಿಕ್ರ?"

"ನೀರು ಕುಡಸ್ತೀನಿ. ಆಗ್ಲೂ ಇಳೀಲಿಲ್ಲಂದ್ರ ಬೆನ್ನಿಗೆ ಗುದ್ತೀನಿ."

"ಹಂಗಾರ ನೀನು ನೀರೇ ಕುಡಸೂದಿಲ್ಲ, ಸೀದಾ ಗುದ್ದೂದೇ ಬಿಡು!"

ಕರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಹೊರಡಲು ಎದ್ದು ನಿಂತಿದ್ದ ಗಂಡನೂ ಅವಳ ನಗು ಕೇಳಿ ನಕ್ಕ. ನಕ್ಕೊಡನೆ ಅವನ ಮೊಣಕಾಲುಗಳು ಕುಸಿದವು. ಅವಳು ತಟ್ಟನೆ ಸೊಂಟಕ್ಕೆ ಕೈಹಾಕಿ ಅವನನ್ನು ತನ್ನ ಮೈಗೆ ಆನಿಸಿಕೊಂಡಳು.

"ನಗ್ರಿ, ಹೊಟ್ಟಿ ತುಂಬ ನಗ್ರಿ. ನಾ ಹಿಡದೀನಿ."

ಕಾಲಿಗೆ ಬಲ ಬಂದ ಮೇಲೆ ಇಬ್ಬರೂ ಹಾಗೆಯೇ ಆತುಕೊಂಡು ಸುರಪುರದ ಬಸ್ಸಿನ ಕಡೆಗೆ ನಡೆದರು.